ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಮೇಷ್ಟ್ರು

ಶಾಲೆಯ ದಿನಗಳಲ್ಲಿ ಇಂಥದೊಂದು ದಿನವನ್ನು ನೀವೆಲ್ಲರೂ ಕಂಡಿರುತ್ತೀರಿ. ಹಿಂದಿನ ಸಂಜೆಯೇ ಮೇಷ್ಟ್ರು ಹೇಳಿರುತ್ತಾರೆ: ‘ನಾಳೆ ಇನ್‌ಸ್ಪೆಕ್ಷನ್ ಇದೆ, ಎಲ್ಲರೂ ಯೂನಿಫಾರಂ ಒಗೆದು ಹಾಕಿಕೊಂಡು ಬನ್ನಿ.’ ಗೋಡೆಯ ಮೇಲೆ ಹೊಸ ಚಾರ್ಟುಗಳು ಕಾಣಿಸಿಕೊಳ್ಳುತ್ತವೆ. ವರ್ಷವಿಡೀ ಬೀರುವಿನಲ್ಲಿದ್ದ ಗ್ಲೋಬು ಮೇಜಿನ ಮೇಲೆ ಬಂದು ಕೂರುತ್ತದೆ. ಉತ್ತರ ಹೇಳಬಲ್ಲ ನಾಲ್ವರು ಮುಂದಿನ ಬೆಂಚಿಗೆ ಬಡ್ತಿ ಪಡೆಯುತ್ತಾರೆ. ಸಾಹೇಬರು ಬರುತ್ತಾರೆ, ಕಾಲು ಗಂಟೆ ಕುಳಿತು ಒಂದೆರಡು ಪ್ರಶ್ನೆ ಕೇಳುತ್ತಾರೆ, ಪುಸ್ತಕದಲ್ಲಿ ಏನೋ ಬರೆದು ಹೊರಡುತ್ತಾರೆ. ಮರುದಿನ ಗ್ಲೋಬು ಮತ್ತೆ ಬೀರುವಿಗೆ.

ಇದರಲ್ಲಿ ನಗುವಂಥದ್ದು ಇದೆ, ನಿಜ. ಆದರೂ ಶಾಲೆಯ ತರಗತಿಯೊಳಗೆ ಹೊರಗಿನವರ ಕಣ್ಣು ಬೀಳುವ ಒಂದು ಏರ್ಪಾಡಂತೂ ಇದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಶಾಲೆಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಅದಕ್ಕೊಬ್ಬ ಉಪನಿರ್ದೇಶಕರು, ತಾಲ್ಲೂಕಿಗೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಜೊತೆಗೆ ವಿಷಯ ಪರಿವೀಕ್ಷಕರು ಇದ್ದಾರೆ. ಪಾವಗಡ ತಾಲ್ಲೂಕಿನ ಬಲಸಮುದ್ರದಂಥ ಗಡಿಯಂಚಿನ ಹಳ್ಳಿಯ ಮಗುವಿಗೆ ಪಾಠ ಹೇಗೆ ನಡೆಯುತ್ತಿದೆ ಎಂದು ಬಂದು ನೋಡುವುದು ಇವರ ಕರ್ತವ್ಯಗಳಲ್ಲೊಂದು.

ಅದೇ ಮಗು ಬೆಳೆದು ಪದವಿ ಕಾಲೇಜಿಗೆ ಸೇರಿದ ಮೇಲೆ ಏನಾಗುತ್ತದೆ? ಉಪನ್ಯಾಸಕರು ಒಳಗೆ ಬಂದು ಹಾಜರಿ ತೆಗೆದುಕೊಂಡು ಪಾಠ ಆರಂಭಿಸಿದರೆಂದರೆ, ಮುಂದಿನ ಒಂದು ಗಂಟೆಯಲ್ಲಿ ಅಲ್ಲಿ ನಡೆದದ್ದು ಅವರಿಗೂ ವಿದ್ಯಾರ್ಥಿಗಳಿಗೂ ಬಿಟ್ಟರೆ ಮತ್ತಾರಿಗೂ ತಿಳಿಯುವುದಿಲ್ಲ. ಪಕ್ಕದ ಕೊಠಡಿಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಸಹೋದ್ಯೋಗಿಯೂ ಒಮ್ಮೆಯೂ ಒಳಗೆ ಬಂದು ಕುಳಿತಿರುವುದಿಲ್ಲ.

ಹೀಗೆ ಒಬ್ಬ ಉಪನ್ಯಾಸಕರ ತರಗತಿಯಲ್ಲಿ ಇನ್ನೊಬ್ಬ ಉಪನ್ಯಾಸಕರು ಕುಳಿತು ನೋಡಿ, ಆಮೇಲೆ ಇಬ್ಬರೂ ಕೂಡಿ ಮಾತಾಡಿ ಪಾಠವನ್ನು ಉತ್ತಮಪಡಿಸಿಕೊಳ್ಳುವ ಪದ್ಧತಿಯೊಂದಿದೆ. ಅದನ್ನು ಸಹೋದ್ಯೋಗಿ ವೀಕ್ಷಣೆ ಎನ್ನಬಹುದು. ‘ಇದು ಮೇಷ್ಟ್ರುಗಳ ವ್ಯವಹಾರ, ನಮಗೇಕೆ?’ ಎಂದು ನೀವು ಕೇಳಬಹುದು. ಪಾಠ ಯಾರ ಸಲುವಾಗಿ ನಡೆಯುತ್ತದೋ ಅವರಿಗೆ ಅದು ಹೇಗೆ ಸುಧಾರಿಸುತ್ತದೆ ಎಂಬುದೂ ತಿಳಿದಿರಬೇಕಲ್ಲವೇ?

ಕಲಿಸುವುದನ್ನು ಕಲಿತದ್ದು ಯಾವಾಗ?

ಪ್ರೌಢಶಾಲೆಯ ಶಿಕ್ಷಕರಾಗಲು ಬಿ.ಎಡ್. ಬೇಕು. ಆ ತರಬೇತಿಯಲ್ಲಿ ನಿಜವಾದ ಶಾಲೆಗೆ ಹೋಗಿ ಪಾಠ ಮಾಡಬೇಕು. ಜೊತೆಯ ಪ್ರಶಿಕ್ಷಣಾರ್ಥಿಗಳು ಹಿಂದೆ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಾರೆ. ನಿಮ್ಮ ಶಾಲೆಗೂ ಇಂಥ ಅಕ್ಕ ಅಣ್ಣಂದಿರು ಚಾರ್ಟು ಹಿಡಿದು ಬಂದಿರಬಹುದು.

ಪದವಿ ಕಾಲೇಜಿನ ವಿಷಯ ಬೇರೆ. ಅಲ್ಲಿ ಬೇಕಾದದ್ದು ಸ್ನಾತಕೋತ್ತರ ಪದವಿ. ಜೊತೆಗೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ಅದಕ್ಕೆ ಸಮನಾದ ಅರ್ಹತೆ. ಆ ಪರೀಕ್ಷೆಯಲ್ಲಿ ಬೋಧನೆಯನ್ನು ಕುರಿತ ಪ್ರಶ್ನೆಗಳೇನೋ ಇವೆ. ಆದರೆ ಅರವತ್ತು ಮಂದಿಯ ಎದುರು ನಿಂತು ಪಾಠ ಮಾಡಿ ತೋರಿಸಬೇಕಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕಾಲೇಜು ಅಧ್ಯಾಪಕರ ತರಬೇತಿಗಾಗಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಅಲ್ಲಿ ಕೆಲವು ವಾರಗಳ ಶಿಬಿರ ಮುಗಿಸಿ ಊರಿಗೆ ಮರಳಿದ ಮೇಲೆ ಅಧ್ಯಾಪಕರು ಮತ್ತೆ ತಮ್ಮ ಕೊಠಡಿಯಲ್ಲಿ ಒಬ್ಬರೇ.

ಹೀಗಾಗಿ ಬಹುಪಾಲು ಉಪನ್ಯಾಸಕರು ತಮಗೆ ಪಾಠ ಮಾಡಿದ ಗುರುಗಳನ್ನು ನೋಡಿ ಕಲಿಸುವುದನ್ನು ಕಲಿತವರು. ಗುರುಗಳು ಚೆನ್ನಾಗಿದ್ದರೆ ಅದೃಷ್ಟ. ನೋಟ್ಸ್ ಬರೆಸಿದ ಗುರುಗಳ ಶಿಷ್ಯರು ತಾವೂ ನೋಟ್ಸ್ ಬರೆಸುತ್ತಾರೆ. ಇದು ಯಾರದೇ ಸೋಮಾರಿತನದ ಮಾತಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬಷ್ಟೇ ಸರಳವಾದ ಸಂಗತಿ.

ಮೂರು ಹೆಜ್ಜೆಗಳು

ಈ ವೀಕ್ಷಣೆಗೆ ಮೂರು ಹಂತಗಳಿವೆ.

ಮೊದಲನೆಯದು, ತರಗತಿಗೆ ಮುಂಚಿನ ಮಾತುಕತೆ. ಪಾಠ ಮಾಡುವವರು ನೋಡುವವರಿಗೆ ಹೇಳುತ್ತಾರೆ: ನಾಳೆಯ ಪಾಠ ಇದು, ವಿದ್ಯಾರ್ಥಿಗಳು ಇಂಥವರು, ನನಗೆ ಈ ಒಂದು ಅನುಮಾನವಿದೆ, ಅದನ್ನೇ ಗಮನಿಸಿ. ಏನನ್ನು ನೋಡಬೇಕೆಂದು ತೀರ್ಮಾನಿಸುವವರು ಪಾಠ ಮಾಡುವವರೇ. ಇನ್‌ಸ್ಪೆಕ್ಷನ್ನಿಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದು.

ಎರಡನೆಯದು, ವೀಕ್ಷಣೆ. ನೋಡುವವರು ಹಿಂದಿನ ಬೆಂಚಿನಲ್ಲಿ ಕುಳಿತು ಕಂಡದ್ದನ್ನು, ಕೇಳಿದ್ದನ್ನು ಬರೆದುಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ. ‘ಪಾಠ ನೀರಸವಾಗಿತ್ತು’ ಎಂಬುದು ಅಭಿಪ್ರಾಯ. ‘10.20ರಿಂದ 10.38ರವರೆಗೆ ಯಾವ ವಿದ್ಯಾರ್ಥಿಯೂ ಮಾತಾಡಲಿಲ್ಲ’ ಎಂಬುದು ಅವಲೋಕನ. ಬರೆಯಬೇಕಾದದ್ದು ಎರಡನೆಯದನ್ನು. ಪ್ರಯೋಗಶಾಲೆಯ ರೆಕಾರ್ಡಿನಲ್ಲಿ ‘ಅವಲೋಕನ’ ಮತ್ತು ‘ನಿರ್ಣಯ’ ಎಂದು ಬೇರೆ ಬೇರೆ ಬರೆಯುತ್ತೀರಲ್ಲ, ಅದೇ ಶಿಸ್ತು ಇಲ್ಲಿಯೂ ಬೇಕು.

ಮೂರನೆಯದು, ಒಂದೆರಡು ದಿನಗಳೊಳಗೆ ನಡೆಯುವ ಮಾತುಕತೆ. ಮೊದಲು ಪಾಠ ಮಾಡಿದವರೇ ತಮಗೆ ಅನ್ನಿಸಿದ್ದನ್ನು ಹೇಳುತ್ತಾರೆ. ಆಮೇಲೆ ನೋಡಿದವರು ಟಿಪ್ಪಣಿ ತೋರಿಸುತ್ತಾರೆ. ಮುಂದಿನ ಸಲ ಬದಲಿಸಬೇಕಾದ ಒಂದು ಸಂಗತಿಯನ್ನು ಇಬ್ಬರೂ ಸೇರಿ ಆರಿಸುತ್ತಾರೆ. ಹತ್ತು ಸಂಗತಿಗಳಲ್ಲ, ಒಂದು. ಬಳಿಕ ಪಾತ್ರಗಳು ಅದಲುಬದಲಾಗುತ್ತವೆ: ಇಂದು ನೋಡಿದವರ ತರಗತಿಯಲ್ಲಿ ನಾಳೆ ಇವರು ಕೂರುತ್ತಾರೆ.

ತರಗತಿಯನ್ನು ಅಳೆಯುವ ಬಗೆ

ತರಗತಿಯಲ್ಲಿ ನಡೆಯುವುದನ್ನು ಅಂಕಿಗಳಲ್ಲಿ ಹಿಡಿಯಲು ಸಾಧ್ಯವೇ? ಅಮೆರಿಕದ ಶಿಕ್ಷಣತಜ್ಞ ನೆಡ್ ಫ್ಲಾಂಡರ್ಸ್ ಅವರ ವಿಧಾನದಲ್ಲಿ ತರಗತಿಯ ಮಾತನ್ನು 10 ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಅದರಲ್ಲಿ 7 ವರ್ಗಗಳು ಶಿಕ್ಷಕರ ಮಾತಿಗೆ, 2 ವಿದ್ಯಾರ್ಥಿಗಳ ಮಾತಿಗೆ, 1 ಮೌನ ಅಥವಾ ಗದ್ದಲಕ್ಕೆ. ವೀಕ್ಷಕರು 3 ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯುತ್ತಾ ಹೋಗಬೇಕು. 45 ನಿಮಿಷಕ್ಕೆ 900 ಅಂಕಿಗಳಾದವು! ನಮ್ಮ ಬಿ.ಎಡ್. ಪಠ್ಯಗಳಲ್ಲಿಯೂ ಈ ವಿಧಾನದ ಪರಿಚಯವಿದೆ.

2013ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಅಮೆರಿಕದ ಮೇನ್ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಕಾಲೇಜಿನ ವಿಜ್ಞಾನ ತರಗತಿಗಳಿಗೆಂದೇ ಇನ್ನೂ ಸುಲಭವಾದ ವಿಧಾನವೊಂದನ್ನು ಪ್ರಕಟಿಸಿದರು. ಅದರ ಹೆಸರು ಕೋಪಸ್. ಇದನ್ನು ರೂಪಿಸಿದ ನಾಲ್ವರಲ್ಲಿ ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಒಬ್ಬರು. ಇದರಲ್ಲಿ 2 ನಿಮಿಷಕ್ಕೊಮ್ಮೆ ಗುರುತು ಹಾಕಿದರೆ ಸಾಕು: ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಕಾಲಂ ಅದರಲ್ಲಿಲ್ಲ.

ಇಂಥ ಅಳತೆಗಳಿಂದ ಹೊರಬಿದ್ದ ಒಂದು ಸಂಗತಿಯಂತೂ ಆಶ್ಚರ್ಯಕರ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದರು. ಸರಾಸರಿ ಕಾಯುವ ಹೊತ್ತು ಸುಮಾರು ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಶಿಕ್ಷಕರು ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಈ ಹೊತ್ತನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು, ಅವರೇ ಪ್ರಶ್ನೆ ಕೇಳತೊಡಗಿದರು ಎಂದು ರೋ 1970ರ ದಶಕದಲ್ಲಿ ವರದಿ ಮಾಡಿದರು. ಪಾಠ ಮಾಡುತ್ತಿರುವವರಿಗೆ ತಾವು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದೇವೆಂಬುದು ತಿಳಿಯುವುದೇ ಇಲ್ಲ. ಗಡಿಯಾರ ಹಿಡಿದು ಹಿಂದೆ ಕುಳಿತವರಿಗೆ ಮಾತ್ರ ತಿಳಿಯುತ್ತದೆ.

ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ

ಈಗ ಇದನ್ನು ನಮ್ಮ ನೆಲಕ್ಕೆ ತರೋಣ. ಬಲಸಮುದ್ರ ಇಂದು ದೊಡ್ಡ ಸೌರವಿದ್ಯುತ್ ಪಾರ್ಕಿನ ಹಳ್ಳಿಗಳಲ್ಲಿ ಒಂದು. ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಉಳಿದವು. ಒಂದು ಕಾಲಕ್ಕೆ ಕಡಲೆಕಾಯಿ ಬಿತ್ತಿ ಮಳೆಗಾಗಿ ಕಾಯುತ್ತಿದ್ದ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಈ ಪಾರ್ಕನ್ನು ನಿರ್ಮಿಸಲಾಯಿತು. 2018ರಲ್ಲಿ ಇಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 2019ರ ಕೊನೆಗೆ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು. ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದಿರುವ ಈ ತಾಲ್ಲೂಕಿನ ಎಷ್ಟೋ ಮನೆಗಳ ಮಾತು ತೆಲುಗು. ಶಾಲೆಯ ಮಾತು ಕನ್ನಡ. ಬಿ.ಎಸ್‌ಸಿ. ಸೇರಿದರೆ ಪುಸ್ತಕ ಇಂಗ್ಲಿಷ್.

ಇಂಥ ಕಡೆಯ ಒಂದು ಕಾಲೇಜಿನಲ್ಲಿ ಭೌತವಿಜ್ಞಾನದ ಉಪನ್ಯಾಸಕರೊಬ್ಬರು ಪಿ-ಎನ್ ಸಂಧಿಯ ಪಾಠ ಮಾಡುತ್ತಿದ್ದಾರೆ ಎಂದುಕೊಳ್ಳಿ. ನೋಡಲು ಬಂದಿರುವವರು ರಸಾಯನವಿಜ್ಞಾನದ ಮೇಡಂ. ‘ನಮ್ಮ ಹುಡುಗರು ಪ್ರಶ್ನೆ ಕೇಳೋದೇ ಇಲ್ಲ ಮೇಡಂ. ಯಾಕೆ ಅಂತ ಸ್ವಲ್ಪ ನೋಡಿ’ ಎಂದು ಅವರು ಮೊದಲೇ ಹೇಳಿದ್ದಾರೆ.

55 ನಿಮಿಷ ಮುಗಿದಾಗ ಮೇಡಂ ಅವರ ಹಾಳೆಯಲ್ಲಿ ಇಷ್ಟಿದೆ: ಹಾಜರಿಗೆ 4 ನಿಮಿಷ. ಮೇಷ್ಟ್ರ ಮಾತು 41 ನಿಮಿಷ. ಬೋರ್ಡಿನ ಚಿತ್ರವನ್ನು ಎಲ್ಲರೂ ಮೌನವಾಗಿ ಬರೆದುಕೊಂಡದ್ದು 8 ನಿಮಿಷ. ವಿದ್ಯಾರ್ಥಿಗಳ ಮಾತು 2 ನಿಮಿಷ. ಮೇಷ್ಟ್ರು ಕೇಳಿದ ಪ್ರಶ್ನೆಗಳು 9. ಅದರಲ್ಲಿ ತಾವೇ ಉತ್ತರಿಸಿಕೊಂಡವು 6. ಉಳಿದ ಮೂರಕ್ಕೂ ಉತ್ತರ ಕೊಟ್ಟವನು ಮುಂದಿನ ಬೆಂಚಿನ ಒಬ್ಬನೇ ಹುಡುಗ. ಕೊನೆಯ ಸಾಲು: ‘ಐದನೆಯ ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿ ಪಕ್ಕದವಳಿಗೆ ತೆಲುಗಿನಲ್ಲಿ ಉತ್ತರ ಹೇಳಿದಳು. ಉತ್ತರ ಸರಿಯಾಗಿತ್ತು.’

ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಆಕೆಗೆ ಉತ್ತರ ಗೊತ್ತಿತ್ತು. ಅದು ಆಕೆಯ ಮನೆಯ ಮಾತಿನಿಂದ ತರಗತಿಯ ಮಾತಿಗೆ ದಾಟಲು ಎರಡು ಮೂರು ಸೆಕೆಂಡು ಬೇಕಿತ್ತು. ಒಂದೇ ಸೆಕೆಂಡು ಸಿಕ್ಕಿತು. ಮೇಷ್ಟ್ರ ಲೆಕ್ಕದಲ್ಲಿ ಆಕೆ ಏನೂ ತಿಳಿಯದವಳು. ಹೀಗೆಯೇ ಮೂರು ವರ್ಷ ಕಳೆದರೆ ಆಕೆಯೂ ಅದನ್ನೇ ನಂಬುತ್ತಾಳೆ. ಪಟ್ಟಣದ ಹುಡುಗಿಗಾದರೆ ಟ್ಯೂಷನ್ ಇದೆ, ಮನೆಯಲ್ಲಿ ಓದಿದವರಿದ್ದಾರೆ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಈಕೆಗೆ ಇರುವುದು ತರಗತಿಯ ಆ ಒಂದು ಗಂಟೆ ಮಾತ್ರ.

ಮುಂದಿನ ವಾರ ಮೇಷ್ಟ್ರು ಬದಲಿಸಿದ್ದು ಒಂದೇ ಸಂಗತಿ ಎಂದುಕೊಳ್ಳೋಣ. ಅವರು ಕೇಳುತ್ತಾರೆ: ‘ಬೆಳಕು ಅಷ್ಟೇ ಇದ್ದರೂ ಫಲಕ ಕಾದು ಬಿಸಿಯಾದಾಗ ವಿದ್ಯುತ್ ಕಡಿಮೆ ಬರುತ್ತದೆ. ಯಾಕೆ? ಪಕ್ಕದವರ ಜೊತೆ ನಿಮಗೆ ಬರುವ ಭಾಷೆಯಲ್ಲಿ ಎರಡು ನಿಮಿಷ ಮಾತಾಡಿ, ಆಮೇಲೆ ಹೇಳಿ.’ ಇದು ನಿಜವಾದ ಪ್ರಶ್ನೆ. ಸಿಲಿಕಾನ್ ಕೋಶದ ತಾಪ ಏರಿದಂತೆ ಅದರ ವೋಲ್ಟೇಜು ಇಳಿಯುತ್ತದೆ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಫಲಕದ ಸಾಮರ್ಥ್ಯ ಸುಮಾರು ಶೇಕಡಾ 0.3ರಿಂದ 0.5ರಷ್ಟು ತಗ್ಗುತ್ತದೆ. ಕಾರಣ ಅಡಗಿರುವುದು ಅದೇ ಪಿ-ಎನ್ ಸಂಧಿಯಲ್ಲಿ. ದಿನವೂ ಆ ಫಲಕಗಳ ಸಾಲನ್ನು ದಾಟಿ ಬರುವ ಹುಡುಗಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ, ತನ್ನ ಊರಿನದು.

ಇಲ್ಲಿ ಇನ್ನೊಂದು ಸಂಗತಿಯಿದೆ. ಸಣ್ಣ ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಒಬ್ಬರೇ ಉಪನ್ಯಾಸಕರಿರುವುದುಂಟು. ಹಾಗಾದರೆ ವೀಕ್ಷಣೆ ಹೇಗೆ? ಬೇರೆ ವಿಷಯದವರು ಬರಬಹುದು. ಪಾಠದ ವಿಷಯ ಸರಿಯೋ ತಪ್ಪೋ ಎಂದು ಅವರು ಹೇಳಲಾರರು. ಆದರೆ ಎಲ್ಲಿ ಎಳೆ ತಪ್ಪಿತೆಂಬುದು ವಿದ್ಯಾರ್ಥಿಗೆ ಹೇಗೆ ತಿಳಿಯುತ್ತದೋ ಅವರಿಗೂ ಹಾಗೆಯೇ ತಿಳಿಯುತ್ತದೆ.

ನ್ಯಾಕ್ ತಂಡವೂ ಇದನ್ನೇ ಮಾಡುತ್ತದಲ್ಲವೇ?

ನಿಮ್ಮ ಕಾಲೇಜಿನ ಗೇಟಿನ ಬಳಿ ‘ನ್ಯಾಕ್ ಮಾನ್ಯತೆ ಪಡೆದ’ ಎಂಬ ಫಲಕವನ್ನು ನೋಡಿರಬಹುದು. ನ್ಯಾಕ್ ಎಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು. 1994ರಲ್ಲಿ ಧನಸಹಾಯ ಆಯೋಗ ಇದನ್ನು ಸ್ಥಾಪಿಸಿತು. ಇದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಕಾಲೇಜುಗಳನ್ನು ಅಳೆಯಲು ಬಳಸಿದ 7 ಮಾನದಂಡಗಳಲ್ಲಿ ‘ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ’ ಒಂದು. 2017ರ ಪರಿಷ್ಕರಣೆಯಲ್ಲಿ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯೂ ಸೇರಿತು. ಬೇರೆ ಕಾಲೇಜು, ವಿಶ್ವವಿದ್ಯಾನಿಲಯಗಳ ಹಿರಿಯ ಅಧ್ಯಾಪಕರ ತಂಡಗಳು ಭೇಟಿ ಕೊಟ್ಟು ನೋಡುತ್ತಿದ್ದುದರಿಂದ ಅವಕ್ಕೆ ಪೀರ್ ತಂಡ ಎಂಬ ಹೆಸರು ಬಂತು.

ಹೆಸರು ಒಂದೇ ಆದರೂ ಕೆಲಸ ಬೇರೆ. ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು. ಫಲಿತಾಂಶ ಒಂದು ದರ್ಜೆ. ದರ್ಜೆಯ ಮೇಲೆ ಕಾಲೇಜಿನ ಹೆಸರು, ಅನುದಾನ ಎಲ್ಲವೂ ನಿಂತಾಗ ಗ್ಲೋಬು ಬೀರುವಿನಿಂದ ಹೊರಬರುತ್ತದೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ನಡೆಯಬಹುದು. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಸಂಸ್ಥೆಯೊಂದಕ್ಕೆ ಉತ್ತಮ ದರ್ಜೆ ನೀಡಲು ಲಂಚ ಪಡೆದ ಆರೋಪದ ಮೇಲೆ ಇಂಥ ತಂಡದ ಸದಸ್ಯರನ್ನೂ ಸಂಸ್ಥೆಯ ಕೆಲವರನ್ನೂ ಕೇಂದ್ರೀಯ ತನಿಖಾ ದಳ ಬಂಧಿಸಿತು. ಆರೋಪ ನಿಜವೇ ಎಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಅಂಕಕ್ಕಾಗಿ ನಡೆಯುವ ಪರಿಶೀಲನೆಗೆ ಎಷ್ಟು ಒತ್ತಡವಿರುತ್ತದೆ ಎಂಬುದನ್ನು ತಿಳಿಯಲು ಇಷ್ಟು ಸಾಕು.

ಸಹೋದ್ಯೋಗಿ ವೀಕ್ಷಣೆಯಲ್ಲಿ ಅಂಕವಿಲ್ಲ, ದರ್ಜೆಯಿಲ್ಲ. ಹಾಳೆ ಪಾಠ ಮಾಡಿದವರ ಬಳಿಯೇ ಉಳಿಯಬೇಕು; ಪ್ರಾಂಶುಪಾಲರ ಮೇಜಿಗೆ ಹೋಗಬಾರದು. ಇದು ಮುಖ್ಯ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ‘ನಿಮ್ಮ ತರಗತಿಗೆ ಬಂದು ಕೂರುತ್ತೇವೆ’ ಎಂದರೆ ಸಹಾಯ ಎನಿಸೀತೇ? ಬೆದರಿಕೆ ಎನಿಸುವುದೇ ಹೆಚ್ಚು. ಆ ಭಯ ಹೋಗದೆ ಈ ಪದ್ಧತಿ ಬೇರು ಬಿಡುವುದಿಲ್ಲ. ಹಿರಿಯರು ಮೊದಲು ತಮ್ಮ ತರಗತಿಯ ಬಾಗಿಲು ತೆರೆದು ಕಿರಿಯರನ್ನು ಕರೆದರೆ ಭಯ ಅರ್ಧ ಕಡಿಮೆಯಾಗುತ್ತದೆ.

ಜಪಾನಿನ ಶಾಲೆಗಳಲ್ಲಿ ‘ಪಾಠ ಅಧ್ಯಯನ’ ಎಂಬ ಹಳೆಯ ಪದ್ಧತಿ ಇದೆ. ಹಲವು ಶಿಕ್ಷಕರು ಕೂಡಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಆಮೇಲಿನ ಚರ್ಚೆಯಲ್ಲಿ ‘ನೀವು ಹೀಗೆ ಮಾಡಿದಿರಿ’ ಎಂಬುದಕ್ಕಿಂತ ‘ನಮ್ಮ ಪಾಠ ಇಲ್ಲಿ ಎಡವಿತು’ ಎಂಬ ಮಾತಿಗೆ ಜಾಗ ಹೆಚ್ಚು. ಎಲ್ಲರೂ ಸೇರಿ ಮಾಡಿದ ಅಡುಗೆಗೆ ಉಪ್ಪು ಕಡಿಮೆಯಾದರೆ ಒಬ್ಬರನ್ನೇ ದೂರಲಾಗದು.

ಥರ್ಮಾಮೀಟರಿನ ತೊಂದರೆ

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸಂದೇಹ ಬರಬೇಕು. ಲೋಟದ ಬಿಸಿನೀರಿಗೆ ಥರ್ಮಾಮೀಟರ್ ಅದ್ದಿದರೆ ಅದು ಸ್ವಲ್ಪ ಶಾಖವನ್ನು ತಾನೇ ಹೀರಿಕೊಳ್ಳುತ್ತದೆ. ಅಳೆಯುವ ಕ್ರಿಯೆಯೇ ಅಳತೆಯನ್ನು ಬದಲಿಸುತ್ತದೆ. ಹಿಂದಿನ ಬೆಂಚಿನಲ್ಲಿ ಹೊಸಬರು ಕುಳಿತರೆ ತರಗತಿಯೂ ಬದಲಾಗದೇ? ಆಗುತ್ತದೆ. ಇದಕ್ಕೆ ಪರಿಹಾರ ಒಂದೇ: ಪದೇ ಪದೇ ಬರುವುದು. ಮೊದಲ ಸಲ ಎಲ್ಲರೂ ತಿರುಗಿ ನೋಡುತ್ತಾರೆ, ನಾಲ್ಕನೆಯ ಸಲ ಯಾರೂ ನೋಡುವುದಿಲ್ಲ. ಇನ್ನೊಂದು ದೋಷ, ಗೆಳೆತನದ ಹೊಗಳಿಕೆ. ‘ಬಹಳ ಚೆನ್ನಾಗಿತ್ತು ಸರ್’ ಎಂದು ಹೇಳಿ ಕಾಫಿಗೆ ಹೋದರೆ ಇಬ್ಬರ ಸಮಯವೂ ವ್ಯರ್ಥ. ಅಭಿಪ್ರಾಯ ಬೇಡ, ಅವಲೋಕನ ಬರೆಯಿರಿ ಎಂಬ ನಿಯಮ ಇರುವುದೇ ಇದಕ್ಕೆ.

ಟೆಲಿವಿಷನ್ನಿನ ಕೆಲಸದಲ್ಲಿರುವ ನಮಗೆ ಈ ಅನುಭವ ಹೊಸದಲ್ಲ. ಕಾರ್ಯಕ್ರಮ ಪ್ರಸಾರವಾಗುವ ಮುನ್ನ ಬೇರೊಬ್ಬರು ಕುಳಿತು ಅದನ್ನು ನೋಡುತ್ತಾರೆ; ಅದಕ್ಕೆ ಪ್ರಿವ್ಯೂ ಎನ್ನುತ್ತೇವೆ. ಮೊದಮೊದಲು ಆ ಕೊಠಡಿಯಲ್ಲಿ ನನ್ನ ಅಂಗೈ ಬೆವರುತ್ತಿತ್ತು. ನಾನೇ ಹತ್ತು ಸಲ ನೋಡಿದ್ದ ದೃಶ್ಯದಲ್ಲಿ ಕಾಣದ ದೋಷ ಹೊಸ ಕಣ್ಣಿಗೆ ಒಂದೇ ನೋಟಕ್ಕೆ ಕಂಡದ್ದನ್ನು ಎಷ್ಟೋ ಸಲ ಅನುಭವಿಸಿದ ಮೇಲೆ ಬೆವರು ನಿಂತಿತು. ಶಿಕ್ಷಕರ ತರಬೇತಿಯಲ್ಲೂ ಕ್ಯಾಮರಾಕ್ಕೆ ಜಾಗವಿದೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಸೂಕ್ಷ್ಮ ಬೋಧನೆಯಲ್ಲಿ, ನಾಲ್ಕೈದು ವಿದ್ಯಾರ್ಥಿಗಳಿಗೆ ಐದು ಹತ್ತು ನಿಮಿಷದ ಪಾಠ ಮಾಡಿ, ಅದರ ಚಿತ್ರೀಕರಣವನ್ನು ತಾವೇ ನೋಡಿ, ತಿದ್ದಿಕೊಂಡು ಮತ್ತೆ ಪಾಠ ಮಾಡುತ್ತಿದ್ದರು. ಇಂದು ಆ ಕ್ಯಾಮರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ಆದರೆ ವಿದ್ಯಾರ್ಥಿಗಳು ಕದ್ದು ಚಿತ್ರೀಕರಿಸುವುದು ವೀಕ್ಷಣೆಯಲ್ಲ, ಅದು ನಂಬಿಕೆದ್ರೋಹ.

ನೀವೇನು ಮಾಡಬಹುದು?

ಮೇಷ್ಟ್ರಿಗೆ ಅಂಕ ಕೊಡುವುದು ನಿಮ್ಮ ಕೆಲಸವಲ್ಲ. ಆದರೆ ತರಗತಿಯಲ್ಲಿ ದಿನವೂ ಕುಳಿತು ನೋಡುವವರು ನೀವೊಬ್ಬರೇ. ಒಂದು ಸಣ್ಣ ಪ್ರಯೋಗ ಮಾಡಿ. ಪಾಠ ಮುಗಿದಾಗ ಚೀಟಿಯಲ್ಲಿ ಎರಡು ಸಾಲು ಬರೆಯಿರಿ: ಇಂದು ನನಗೆ ಸ್ಪಷ್ಟವಾಗಿ ತಿಳಿದದ್ದು ಯಾವುದು? ಯಾವ ಜಾಗದಲ್ಲಿ ಎಳೆ ತಪ್ಪಿತು? ಹೆಸರು ಬೇಡ. ಕ್ಲಾಸ್ ರೆಪ್ರೆಸೆಂಟೇಟಿವ್ ಅವನ್ನು ಸಂಗ್ರಹಿಸಿ ಮೇಷ್ಟ್ರ ಅನುಮತಿ ಪಡೆದು ಅವರ ಕೈಗೇ ಕೊಡಲಿ. ‘ಸರ್ ವೇಗವಾಗಿ ಹೇಳುತ್ತಾರೆ’ ಎಂದು ಬರೆಯುವುದಕ್ಕಿಂತ ‘ಎರಡನೆಯ ಸಮೀಕರಣದಿಂದ ಮೂರನೆಯದು ಹೇಗೆ ಬಂತೆಂದು ತಿಳಿಯಲಿಲ್ಲ’ ಎಂದು ಬರೆದರೆ ಮರುದಿನದ ಪಾಠಕ್ಕೆ ನೆರವಾಗುತ್ತದೆ.

ಮಧುಗಿರಿಗೆ ಹೊಂದಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪ್ರಶ್ನೆ ಕೇಳುವ ಮನೋಭಾವವನ್ನೇ ಜೀವನವಿಡೀ ಬೆಳೆಸಿದರು. ಬಡ ಕುಟುಂಬದಿಂದ, ಹಳ್ಳಿಯ ಶಾಲೆಯಿಂದ ಹೊರಟವರು ಅವರು. ಪ್ರಶ್ನೆ ಕೇಳುವ ಧೈರ್ಯ ವಿದ್ಯಾರ್ಥಿಗೆ ಬೇಕು ಎನ್ನುತ್ತೇವೆ. ಪ್ರಶ್ನೆಗೆ ಒಡ್ಡಿಕೊಳ್ಳುವ ಧೈರ್ಯ ಅಧ್ಯಾಪಕರಿಗೂ ಬೇಕು. ಎರಡೂ ಒಂದೇ ಕೊಠಡಿಯಲ್ಲಿ ಬೆಳೆಯಬೇಕಾದ ಗುಣಗಳು.

ಎಂದಾದರೂ ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಮೇಷ್ಟ್ರು ನೋಟ್‌ಬುಕ್ ಹಿಡಿದು ಕುಳಿತಿರುವುದು ಕಂಡರೆ ನಿಮ್ಮ ಮೇಷ್ಟ್ರಲ್ಲಿ ಏನೋ ಕೊರತೆಯಿದೆ ಎಂದು ತಿಳಿಯಬೇಡಿ. ಕಲಿಯುವುದನ್ನು ಅವರು ಇನ್ನೂ ನಿಲ್ಲಿಸಿಲ್ಲ ಎಂದು ತಿಳಿಯಿರಿ. ಅವರು ಪ್ರಶ್ನೆ ಕೇಳಿ ಒಂದು ಕ್ಷಣ ಹೆಚ್ಚು ಕಾದರೆ, ಆ ಕ್ಷಣ ನಿಮಗಾಗಿಯೇ ಇರುವಂಥದ್ದು. ಆಗ ಮನಸ್ಸಿನಲ್ಲಿರುವ ಉತ್ತರವನ್ನು, ಯಾವ ಭಾಷೆಯಲ್ಲಿ ಬಂದರೂ ಸರಿ, ಪಕ್ಕದವಳ ಕಿವಿಯಲ್ಲಿ ಹೇಳದೆ ಗಟ್ಟಿಯಾಗಿ ಹೇಳಿ.